ಹತಾರ ನಮ್ಮದು, ಕೀಲಿಕೈ ಯಾರದು?

(ಬೆಳಗಾವಿ ಬಳಿಯ ಕಾಕತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ತಂತ್ರಜ್ಞಾನ, ಯುದ್ಧ, ಜಗತ್ತಿನ ರಾಜಕಾರಣ ಈ ಮೂರನ್ನೂ ಒಂದೇ ತಾಸಿನಲ್ಲಿ ಹೇಳಿ ಮುಗಿಸಿ ಎಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ದಿಲ್ಲಿಯಿಂದಲೋ ವಾಷಿಂಗ್ಟನ್ನಿನಿಂದಲೋ ಮಾತು ಎತ್ತಿಕೊಂಡರೆ ತಾಸು ಸಾಲುವುದಿಲ್ಲ. ಕಾಕತಿಯಿಂದ ಎತ್ತಿಕೊಂಡರೆ ಸಾಲಬಹುದು ಅನಿಸುತ್ತದೆ. ನಾನು ಪಲ್ಟಣಿನಲ್ಲಿ ಇದ್ದವನಲ್ಲ, ಎಂಜಿನಿಯರನೂ ಅಲ್ಲ, ಇತಿಹಾಸ ಓದಿಕೊಂಡವನು. ಹಾಗಾಗಿ ಹೊಸ ಯಂತ್ರಗಳ ಬಗ್ಗೆ ಮಾತಾಡುವಾಗಲೂ ಹಳೆಯ ಕಾಗದಗಳ ಕಡೆಗೇ ಕೈ ಹೋಗುತ್ತದೆ. ಸಹಿಸಿಕೊಳ್ಳಿ.

ಧೂಳಪ್ಪ ದೇಸಾಯರ ಮಗಳು, ಕಿತ್ತೂರಿನ ರಾಣಿ ಚನ್ನಮ್ಮ 1778ರಲ್ಲಿ ಹುಟ್ಟಿದ್ದು ಈ ಊರಲ್ಲಿ. ಆಕೆ ಮಾಡಿದ ಯುದ್ಧದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದು ಸಂಗತಿಯನ್ನು ಎತ್ತಿ ಹೇಳಬೇಕು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ, ಸರಿ. ಆದರೆ ಅವನು ಮೊದಲು ಮಾಡಿದ ಕೆಲಸ ಏನು? ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ ಕಾವಲು ಕೂರಿಸಿದ್ದು. ಅವನು ಹೆಚ್ಚು ಗುಂಡು ಹಾರಿಸುವ ಯೋಚನೆಯಲ್ಲಿ ಬಂದಂತೆ ಕಾಣುವುದಿಲ್ಲ. ಬೀಗ ತನ್ನ ಕೈಗೆ ಬಂದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬ ಲೆಕ್ಕ ಅದು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನವರು ನುಗ್ಗಿದಾಗ ಆ ಲೆಕ್ಕ ತಪ್ಪಿತು, ಥ್ಯಾಕರೆಯ ಜೀವವೂ ಹೋಯಿತು.

ಆಮೇಲೆ ಸುಮಾರು ಆರು ವಾರ. ಅಷ್ಟರಲ್ಲಿ ಕಂಪನಿ ಸರ್ಕಾರ ಬೇರೆ ಬೇರೆ ಕಡೆಯ ಪಡೆಗಳನ್ನು ಕಿತ್ತೂರಿನ ಸುತ್ತ ತಂದು ನಿಲ್ಲಿಸಿತು. ಬೆಳಗಾವಿ ಕೋಟೆ 1818ರಲ್ಲೇ ಅವರ ವಶವಾಗಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ಕಿತ್ತೂರು ಬಿತ್ತು. ಕಿತ್ತೂರಿನಲ್ಲಿ ತೋಪುಗಳಿರಲಿಲ್ಲವೇ? ಇದ್ದವು. ಧೈರ್ಯ ಇರಲಿಲ್ಲವೇ? ಅದನ್ನು ಕೇಳುವ ಹಾಗೇ ಇಲ್ಲ. ನಮ್ಮ ಜನ ಸೋಲಿಗೆ ಕೊಡುವ ಕಾರಣ ಮದ್ದು. ಒಳಗಿನವರೇ ಮದ್ದಿಗೆ ಸೆಗಣಿ ಬೆರೆಸಿದರು, ತೋಪು ಸಿಡಿಯಲಿಲ್ಲ ಎಂಬ ಮಾತು ಇನ್ನೂರು ವರ್ಷಗಳಿಂದ ಬಾಯಿಂದ ಬಾಯಿಗೆ ಬಂದಿದೆ. ಕಾಗದದ ಸಾಕ್ಷಿ ಕೇಳುವ ಇತಿಹಾಸಕಾರರು ಇದರ ಬಗ್ಗೆ ತಕರಾರು ತೆಗೆಯಬಹುದು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಯುದ್ಧ ಎಲ್ಲಿ ಸೋಲುತ್ತದೆ ಎಂಬುದು ನಮ್ಮ ಹಳ್ಳಿಯ ಜನಕ್ಕೆ ಸರಿಯಾಗಿಯೇ ತಿಳಿದಿತ್ತು. ತೋಪು ನಿನ್ನದಾಗಿದ್ದರೂ ಮದ್ದು ಇನ್ನೊಬ್ಬನ ಕೈಯಲ್ಲಿದ್ದರೆ ತೋಪು ನಿನ್ನದಲ್ಲ.

ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಹೊಸ ತಂತ್ರಜ್ಞಾನ ಹತಾರವನ್ನು ಅಗ್ಗ ಮಾಡಿದೆ, ಬೀದಿಗೆ ತಂದಿದೆ. ಅದೇ ತಂತ್ರಜ್ಞಾನ ಹತಾರದ ಕೀಲಿಕೈಯನ್ನು ಕೆಲವೇ ಕೆಲವರ ಕಿಸೆಗೆ ಹಾಕಿದೆ. ದೇಶ ದೇಶಗಳ ನಡುವೆ ಈಗ ನಡೆಯುತ್ತಿರುವ ಜಗ್ಗಾಟದ ಬಹುಪಾಲು ಆ ಕೀಲಿಕೈಗಾಗಿ.

ಇದು ಇವತ್ತು ಹುಟ್ಟಿದ್ದಲ್ಲ. ಬೆಳಗಾವಿ ಕ್ಯಾಂಪಿನ ಕಡೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಇದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡುವುದಿಲ್ಲ. ಮೊದಲ ಮಹಾಯುದ್ಧಕ್ಕೆ ಕೆಲವೇ ವರ್ಷಗಳ ಹಿಂದೆ ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಾಯಿಸಲು ತೊಡಗಿತು. ಎಣ್ಣೆಯ ಹಡಗು ಬೇಗ ಓಡುತ್ತದೆ, ಕಡಿಮೆ ಆಳು ಸಾಕು. ಆದರೆ ಬ್ರಿಟನ್ನಿನಲ್ಲಿ ಕಲ್ಲಿದ್ದಲು ಬೇಕಾದಷ್ಟಿತ್ತು, ಎಣ್ಣೆ ಇರಲಿಲ್ಲ. ಎಣ್ಣೆ ಇದ್ದದ್ದು ಪರ್ಷಿಯಾದಲ್ಲಿ, ಅದನ್ನು ಸೋಸುತ್ತಿದ್ದದ್ದು ಅಬಾದಾನಿನಲ್ಲಿ. 1914ರಲ್ಲಿ ಚರ್ಚಿಲ್ ಪಾರ್ಲಿಮೆಂಟಿನ ಒಪ್ಪಿಗೆ ಪಡೆದು ಆ ಎಣ್ಣೆ ಕಂಪನಿಯ ದೊಡ್ಡ ಪಾಲನ್ನೇ ಸರ್ಕಾರಕ್ಕೆ ಕೊಂಡರು. ಯುದ್ಧ ಶುರುವಾದೊಡನೆ ಆ ಎಣ್ಣೆಯನ್ನು ಕಾಯಲು ಸೈನ್ಯ ಬೇಕಾಯಿತು. ಯಾರು ಹೋದರು? ಪುಣೆಯ 6ನೇ ಡಿವಿಜನ್. ಅದರೊಳಗೆ ಬೆಳಗಾವಿ ಬ್ರಿಗೇಡ್ ಎಂದೇ ಹೆಸರಿದ್ದ 18ನೇ ಬ್ರಿಗೇಡ್, ಆ ಬ್ರಿಗೇಡಿನೊಳಗೆ 110ನೇ ಮರಾಠಾ ಪಲ್ಟಣ. ಹಡಗಿನ ಬಾಯ್ಲರಿನಲ್ಲಿ ಆದ ಒಂದು ಬದಲಾವಣೆ ನಮ್ಮ ಸೀಮೆಯ ಸೈನ್ಯವನ್ನು ಬಸ್ರಾದ ಮರಳಿಗೆ ಎಳೆದೊಯ್ದಿತು.

ಮುಂದಿನದು ದುಃಖದ ಕಥೆ. ಬಾಗ್ದಾದ್ ಹಿಡಿಯುವ ಆಸೆಯಿಂದ ಜನರಲ್ ಟೌನ್‌ಶೆಂಡ್ ಮೇಲಕ್ಕೆ ಹೋಗಿ, ಸೋತು ಹಿಂದಿರುಗಿ, ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕುತ್ ಎಂಬ ಊರಲ್ಲಿ ಸಿಕ್ಕಿಬಿದ್ದ. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆ. ರೊಟ್ಟಿಗೆ ಹಿಟ್ಟಿಲ್ಲ. ಕುದುರೆ ಮಾಂಸ ತಿನ್ನಲೊಲ್ಲದ ಭಾರತೀಯ ಸಿಪಾಯಿಗಳು ನಿತ್ರಾಣರಾದರು. ಆಗ ಬ್ರಿಟಿಷರು ಜಗತ್ತಿನಲ್ಲಿ ಅದುವರೆಗೆ ಯಾರೂ ಮಾಡದ ಕೆಲಸಕ್ಕೆ ಕೈ ಹಾಕಿದರು. ಮುತ್ತಿಗೆಯೊಳಗಿನ ಸೈನ್ಯಕ್ಕೆ ವಿಮಾನದಿಂದ ಹಿಟ್ಟಿನ ಮೂಟೆ ಉದುರಿಸಿದರು. ಕಾಳು ಬೀಸಿಕೊಳ್ಳಲಿ ಎಂದು ಬೀಸುವ ಕಲ್ಲನ್ನೂ ಉದುರಿಸಿದರು. ಕೆಲವು ಮೂಟೆ ಟೈಗ್ರಿಸ್‌ ಪಾಲಾದವು, ಕೆಲವು ತುರ್ಕರ ಕಂದಕಕ್ಕೆ ಬಿದ್ದವು. ಆ ಕಾಲದ ವಿಮಾನ ಎಷ್ಟು ಹೊರುತ್ತಿತ್ತೋ ಅಷ್ಟರಿಂದ ಸಾವಿರಾರು ಜನರ ಹೊಟ್ಟೆ ತುಂಬಲಿಲ್ಲ. ಸುಮಾರು 13,000 ಜನ ಶರಣಾದರು, ಸೆರೆಯಲ್ಲಿ ಸಾವಿರಾರು ಮಂದಿ ಸತ್ತರು. ವಿಮಾನ ಎಂಬ ಹೊಸ ಬೆರಗಿನ ಬಗ್ಗೆ ಲಂಡನ್ನಿನ ಪತ್ರಿಕೆಗಳು ಕುಣಿಯುತ್ತಿದ್ದ ಕಾಲ ಅದು. ಹೊಸ ಯಂತ್ರ ಬಂದಾಗಲೆಲ್ಲ ಅದು ಏನು ಮಾಡಬಲ್ಲದು ಎಂಬ ಸುದ್ದಿ ಮೊದಲು ಬರುತ್ತದೆ, ಎಷ್ಟು ಹೊರಬಲ್ಲದು ಎಂಬ ಸುದ್ದಿ ಸಿಪಾಯಿ ಸತ್ತ ಮೇಲೆ ಬರುತ್ತದೆ. ಮರಾಠಾ ರೆಜಿಮೆಂಟಿನ ಕೇಂದ್ರ ಬೆಳಗಾವಿಗೆ ಬಂದದ್ದು 1922ರಲ್ಲಿ, ಈ ಎಲ್ಲ ಆದ ಮೇಲೆ.

ಈಗ ನಮ್ಮ ಕಾಲಕ್ಕೆ ಬರೋಣ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನೊಳಗೆ ನುಗ್ಗಿತು. ಟ್ಯಾಂಕುಗಳ ಸಾಲು ನೋಡಿ ಇದು ನಮ್ಮ ಅಜ್ಜಂದಿರ ಕಾಲದ ಯುದ್ಧವೇ ಎಂದುಕೊಂಡೆವು. ವರ್ಷ ಕಳೆಯುವಷ್ಟರಲ್ಲಿ ಅದರ ಚಹರೆಯೇ ಬದಲಾಯಿತು. ಮದುವೆ ಮನೆಯಲ್ಲಿ ಫೋಟೊ ತೆಗೆಯಲು ಹಾರಿಸುತ್ತಾರಲ್ಲ, ಅಂಥದ್ದೇ ನಾಲ್ಕು ರೆಕ್ಕೆಯ ಡ್ರೋನಿಗೆ ಒಂದು ಸಿಡಿಗುಂಡು ಕಟ್ಟಿದರೆ ಕೋಟಿಗಟ್ಟಲೆ ಬೆಲೆಯ ಟ್ಯಾಂಕು ಸುಡುತ್ತದೆ. ಅದರ ಬೆಲೆ ನಮ್ಮ ಹಣದಲ್ಲಿ ಕೆಲವು ಹತ್ತು ಸಾವಿರ ರೂಪಾಯಿ. ಇರಾನ್ ಮೂಲದ ಶಾಹೆದ್ ಡ್ರೋನ್ ಒಂದಕ್ಕೆ 20,000ದಿಂದ 50,000 ಡಾಲರ್ ಎಂದು ಅಂದಾಜು. ಅದನ್ನು ಹೊಡೆಯಲು ಬಿಡುವ ಪೇಟ್ರಿಯಟ್ ಕ್ಷಿಪಣಿಗೆ ಸುಮಾರು 40 ಲಕ್ಷ ಡಾಲರ್. ಹೊಡೆಯುವವನಿಗಿಂತ ತಡೆಯುವವನೇ ಬೇಗ ಬರಿಗೈಯಾಗುವ ಲೆಕ್ಕ ಇದು. ರೇಡಿಯೊ ಸಂಕೇತವನ್ನು ಜ್ಯಾಮರ್ ತಡೆಯತೊಡಗಿದಾಗ, ಮನೆಗೆ ಇಂಟರ್ನೆಟ್ ತರುವಂಥದ್ದೇ ಫೈಬರ್ ಎಳೆಯನ್ನು ಡ್ರೋನಿನ ಬಾಲಕ್ಕೆ ಕಟ್ಟಿ ಕಿಲೋಮೀಟರುಗಟ್ಟಲೆ ಬಿಚ್ಚುತ್ತ ಹಾರಿಸಿದರು. 2025ರ ಜೂನ್ 1ರಂದು ಉಕ್ರೇನಿನ ಗುಪ್ತಚರರು ಲಾರಿಗಳ ಮೇಲಿನ ಮರದ ಗೂಡುಗಳಲ್ಲಿ 117 ಡ್ರೋನ್ ಅಡಗಿಸಿ, ಸೈಬೀರಿಯದಷ್ಟು ದೂರದ ವಿಮಾನ ನೆಲೆಗಳಲ್ಲಿ ನಿಂತಿದ್ದ ಬಾಂಬರುಗಳನ್ನು ಸುಟ್ಟರು.

ನಮ್ಮ ಪಶ್ಚಿಮ ಗಡಿಗೆ ಈ ಡ್ರೋನ್ ಯುದ್ಧ ಬಂದದ್ದು ಅದಕ್ಕೂ ಕೆಲವು ವಾರ ಮೊದಲು. ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಕೊಂದ ಮೇಲೆ ಮೇ 7ರಂದು ಆಪರೇಷನ್ ಸಿಂಧೂರ ನಡೆಯಿತು. ಮೇ 9ರ ಪತ್ರಿಕಾಗೋಷ್ಠಿಯಲ್ಲಿ ಕರ್ನಲ್ ಸೋಫಿಯಾ ಕುರೇಶಿ ಒಂದು ಅಂಕಿ ಹೇಳಿದರು: ಹಿಂದಿನ ರಾತ್ರಿ 36 ಕಡೆ 300ರಿಂದ 400 ಪಾಕಿಸ್ತಾನಿ ಡ್ರೋನುಗಳು ಒಳನುಗ್ಗಲು ಯತ್ನಿಸಿದವು, ತುಣುಕುಗಳನ್ನು ನೋಡಿದರೆ ಅವು ತುರ್ಕಿಯ ತಯಾರಿಕೆ ಎನಿಸುತ್ತದೆ ಎಂದು. ಅವನ್ನು ತಡೆಯುವುದರಲ್ಲಿ ಬೆಂಗಳೂರಿನ ಬಿಇಎಲ್ ತಯಾರಿಸಿದ ಆಕಾಶ್‌ತೀರ್ ವ್ಯವಸ್ಥೆಯೂ ದುಡಿಯಿತು. ಜುಲೈ 26ರಂದು ದ್ರಾಸಿನಲ್ಲಿ ಭೂಸೇನೆಯ ಮುಖ್ಯಸ್ಥರು ಪ್ರತಿ ಪದಾತಿ ಬೆಟಾಲಿಯನ್ನಿಗೂ ಒಂದು ಡ್ರೋನ್ ತುಕಡಿ ಇರಲಿದೆ ಎಂದು ಪ್ರಕಟಿಸಿದರು. ಬೆಳಗಾವಿ ಕ್ಯಾಂಪಿನಲ್ಲಿ ಬಂದೂಕು ಹಿಡಿದು ಕವಾಯತು ಕಲಿಯುವ ಹುಡುಗ ಇನ್ನು ಮುಂದೆ ಬ್ಯಾಟರಿಯ ಚಾರ್ಜನ್ನೂ ಎಣಿಸಬೇಕು.

ಹಾಗಾದರೆ ಬಡ ದೇಶ, ಸಣ್ಣ ದೇಶ ದೊಡ್ಡವರಿಗೆ ಸಮ ಆಯಿತೇ? ಆಯಿತು ಎಂದು ಬರೆಯುವವರು ಬಹಳ. ನನಗೆ ಹಾಗೆ ಅನಿಸುವುದಿಲ್ಲ.

ಉಕ್ರೇನಿನ ಸೈನಿಕರು ಒಬ್ಬರಿಗೊಬ್ಬರು ಮಾತಾಡುವುದು, ಡ್ರೋನಿನ ಚಿತ್ರ ನೋಡುವುದು ಬಹುಮಟ್ಟಿಗೆ ಸ್ಟಾರ್‌ಲಿಂಕ್ ಉಪಗ್ರಹಗಳ ಮೂಲಕ. ಅದು ಒಂದು ಖಾಸಗಿ ಕಂಪನಿಯದು. 2022ರಲ್ಲಿ ಕ್ರಿಮಿಯಾದ ಕಡೆ ಸೇವೆ ತೆರೆಯಿರಿ ಎಂದು ಉಕ್ರೇನ್ ಕೇಳಿದಾಗ ಒಡೆಯ ಎಲಾನ್ ಮಸ್ಕ್ ಒಲ್ಲೆನೆಂದ. ಒಂದು ದೇಶದ ದಾಳಿ ನಡೆಯಬೇಕೋ ಬೇಡವೋ ಎಂಬುದನ್ನು ಯಾವ ಓಟಿಗೂ ನಿಲ್ಲದ ಒಬ್ಬ ವ್ಯಾಪಾರಿ ತೀರ್ಮಾನಿಸಿದ. 2025ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರವೇ ಉಕ್ರೇನಿಗೆ ಗುಪ್ತಚರ ಮಾಹಿತಿ ಕೊಡುವುದನ್ನು ಕೆಲವು ದಿನ ನಿಲ್ಲಿಸಿತು. ಉಕ್ರೇನ್ ಮಾತುಕತೆಗೆ ಬಂದ ಮೇಲೆ ಮತ್ತೆ ಶುರು ಮಾಡಿತು. ಒಂದು ಗುಂಡೂ ಖರ್ಚಾಗಲಿಲ್ಲ. ಥ್ಯಾಕರೆ ಬದುಕಿದ್ದರೆ ತಲೆದೂಗುತ್ತಿದ್ದ.

ನಮ್ಮ ಕಥೆಯೂ ಬೇರೆಯಲ್ಲ. ಬೆಂಗಳೂರಿನ ಎಚ್‌ಎಎಲ್‌ಗೆ 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳ ಆದೇಶ ಬಂತು. ಅದೇ ವರ್ಷ ಅದಕ್ಕೆ 99 ಎಂಜಿನುಗಳನ್ನು ಕೊಡಲು ಅಮೆರಿಕದ ಜಿಇ ಒಪ್ಪಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚಿನಲ್ಲಿ. ರೆಕ್ಕೆ ನಮ್ಮದು, ವಿನ್ಯಾಸ ನಮ್ಮದು, ಹಾರಿಸುವವರು ನಮ್ಮವರು. ಆದರೂ ಎಂಜಿನಿಗಾಗಿ ಕಾಯುತ್ತ ಕೂತೆವು. ನಮ್ಮದೇ ಕಾವೇರಿ ಎಂಜಿನ್ ಯೋಜನೆಗೆ 1989ರಲ್ಲೇ ಮಂಜೂರಾತಿ ಸಿಕ್ಕಿತ್ತು. ಸಾಕಷ್ಟು ಶಕ್ತಿ ಬರದೆ 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಕೆಂಪಗೆ ಕಾಯುವ ಟರ್ಬೈನಿನ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುವ ವಿದ್ಯೆ ಜಗತ್ತಿನಲ್ಲಿ ಬೆರಳೆಣಿಕೆಯ ದೇಶಗಳಿಗೆ ಗೊತ್ತು, ಗೊತ್ತಿದ್ದವರು ಹೇಳಿಕೊಡುವುದಿಲ್ಲ. ಉದ್ಯಮಬಾಗದಲ್ಲೂ ಮಚ್ಚೆಯಲ್ಲೂ ಎರಕದ ಕೆಲಸ ಮಾಡುವವರು ಈ ಸಭೆಯಲ್ಲಿ ಇರಬಹುದು. ಲೋಹ ಎಷ್ಟು ಹಟಮಾರಿ ಎಂದು ನನಗಿಂತ ಅವರೇ ಚೆನ್ನಾಗಿ ಹೇಳಿಯಾರು.

ಇದಕ್ಕಿಂತ ಹಳೆಯದು ಕ್ರಯೋಜೆನಿಕ್ ಎಂಜಿನಿನ ಪ್ರಕರಣ. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿಯ ಅದಮಾರಿನ ಯು. ಆರ್. ರಾವ್. ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆ ಎಂಜಿನನ್ನೂ ಅದನ್ನು ಕಟ್ಟುವ ವಿದ್ಯೆಯನ್ನೂ ಕೊಡಲು ಒಪ್ಪಿತ್ತು. ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣದ ಹೆಸರು ಹೇಳಿ 1992ರ ಮೇನಲ್ಲಿ ಅಮೆರಿಕ ಇಬ್ಬರ ಮೇಲೂ ನಿರ್ಬಂಧ ಹೇರಿತು. ಮರುವರ್ಷ ರಷ್ಯಾ ವಿದ್ಯೆ ಕೊಡುವ ಮಾತಿನಿಂದ ಹಿಂದೆ ಸರಿಯಿತು. ತುಂಬಿ ಇಡಲಾಗದ ಅತಿ ತಣ್ಣನೆಯ ಇಂಧನದ ಆ ಎಂಜಿನ್ ಕ್ಷಿಪಣಿಗೆ ಹೆಚ್ಚು ಕೆಲಸಕ್ಕೆ ಬಾರದು ಎಂದು ವಿಜ್ಞಾನಿಗಳು ಹೇಳುತ್ತಲೇ ಇದ್ದರು, ಕೇಳಿದವರಿಲ್ಲ. ನಮ್ಮದೇ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಗೆದ್ದದ್ದು 2014ರ ಜನವರಿ 5ರಂದು. ಇಪ್ಪತ್ತು ವರ್ಷಕ್ಕೂ ಮಿಗಿಲಾದ ಕಾಲ ಹೋಯಿತು, ಆದರೆ ಎಂಜಿನ್ ಉಳಿಯಿತು. ಕಥೆಯ ಬಾಲ ಇನ್ನೂ ಸ್ವಾರಸ್ಯದ್ದು: 2016ರಲ್ಲಿ ಭಾರತ ಅದೇ ಕ್ಷಿಪಣಿ ನಿಯಂತ್ರಣ ಕೂಟದ ಸದಸ್ಯನಾಯಿತು. ಹೊರಗೆ ನಿಲ್ಲಿಸಿದ್ದ ಬಾಗಿಲಿನ ಒಳಗೆ ಈಗ ನಾವೂ ನಿಂತಿದ್ದೇವೆ. ಇದರಲ್ಲಿ ಹೆಮ್ಮೆಪಡುವಂಥದ್ದು ಎಷ್ಟು, ಮುಜುಗರಪಡುವಂಥದ್ದು ಎಷ್ಟು ಎಂಬುದನ್ನು ನೀವೇ ತೂಗಿ.

ಬೆಂಗಳೂರಿನ ಮಾತು ಸಾಕು, ಕಾಕತಿಗೇ ಬರುತ್ತೇನೆ. ಇಲ್ಲೇ ಪಕ್ಕದ ಯಮನಾಪುರದಲ್ಲಿ ಅಲ್ಯುಮಿನಾ ಕಾರ್ಖಾನೆ ಇದೆ. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಅಲ್ಯುಮಿನಾ ಬೇರ್ಪಡಿಸುವ ಕೆಲಸ. ಬಾಕ್ಸೈಟಿನಲ್ಲಿ ಗ್ಯಾಲಿಯಂ ಎಂಬ ಲೋಹ ಅತಿ ಸಣ್ಣ ಪ್ರಮಾಣದಲ್ಲಿ ಬೆರೆತಿರುತ್ತದೆ. ಜಗತ್ತಿನ ಗ್ಯಾಲಿಯಂ ಬಹುಪಾಲು ಬರುವುದು ಇಂಥ ಅಲ್ಯುಮಿನಾ ಕಾರ್ಖಾನೆಗಳ ದ್ರವದಿಂದಲೇ. ಯುದ್ಧ ವಿಮಾನದ ಹೊಸ ಮಾದರಿಯ ರಾಡಾರು ಕೆಲಸ ಮಾಡುವುದು ಗ್ಯಾಲಿಯಂ ಸಂಯುಕ್ತದ ಚಿಪ್ಪುಗಳಿಂದ. ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ ತಯಾರಿಸಿದ ‘ಉತ್ತಮ್’ ರಾಡಾರಿನಲ್ಲೂ ಅವೇ ಇವೆ. ಈ ಲೋಹದ ಪ್ರಾಥಮಿಕ ಉತ್ಪಾದನೆಯಲ್ಲಿ ನೂರಕ್ಕೆ 98ರಷ್ಟು ಚೀನಾದ್ದು. 2023ರ ಆಗಸ್ಟಿನಲ್ಲಿ ಚೀನಾ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು, 2024ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಪೂರ್ತಿ ನಿಲ್ಲಿಸಿತು. ಅಮೆರಿಕ ಚೀನಾಕ್ಕೆ ಸುಧಾರಿತ ಚಿಪ್ಪುಗಳನ್ನು ನಿಲ್ಲಿಸಿದ್ದಕ್ಕೆ ಇದು ಉತ್ತರ. 2025ರ ಏಪ್ರಿಲಿನಲ್ಲಿ ವಿರಳ ಭೂಲೋಹಗಳ ಸರದಿ. ಡ್ರೋನಿನ ಪುಟ್ಟ ಮೋಟಾರಿನೊಳಗಿನ ಗಟ್ಟಿ ಆಯಸ್ಕಾಂತ ಅವುಗಳಿಂದಲೇ ಆಗುವುದು. ಚೀನಾದ ಬಿಡಿಭಾಗಗಳಿವೆ ಎಂಬ ಕಾರಣಕ್ಕೆ ಅದೇ ವರ್ಷದ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ 400 ಸಾಗಣೆ ಡ್ರೋನುಗಳ ಖರೀದಿಯನ್ನೇ ರದ್ದು ಮಾಡಿತ್ತು. ಹತ್ತರಗಿಯಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬಿಡಿಭಾಗ ಕೊರೆಯುವ ನಮ್ಮ ಹುಡುಗರ ಕೈ ಕುಶಲತೆಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ನಕ್ಷೆ ಎಲ್ಲಿಂದ ಬರುತ್ತದೆ, ಲೋಹ ಎಲ್ಲಿಂದ ಬರುತ್ತದೆ ಎಂದು ಅವರು ಕೇಳಿಕೊಳ್ಳಬೇಕು. ಹೊಗಳಿಕೆಯ ಭಾಷಣಗಳಲ್ಲಿ ಈ ಪ್ರಶ್ನೆ ಬರುವುದಿಲ್ಲ.

ಹೊಗಳಿಕೆ ಎಂದಾಗ ಟಿಪ್ಪುವಿನ ರಾಕೆಟ್ಟು ನೆನಪಾಗುತ್ತದೆ. 2018ರಲ್ಲಿ ಹೊಸನಗರ ತಾಲೂಕಿನ ನಗರ ಎಂಬ ಊರಿನ ಪಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. 1799ರ ನಂತರ ಶ್ರೀರಂಗಪಟ್ಟಣದಿಂದ ಅಂಥವನ್ನು ಒಯ್ದು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಈ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ನಮ್ಮ ಬಾವಿಯಲ್ಲಿ ರಾಕೆಟ್ ಇನ್ನೂರು ವರ್ಷ ಹೂತಿತ್ತು, ಅವರ ಕಾರ್ಖಾನೆಯಲ್ಲಿ ಅದು ಮುಂದೆ ಮುಂದೆ ಹೋಯಿತು ಎಂಬಲ್ಲಿಗೆ ಚಪ್ಪಾಳೆ ನಿಲ್ಲಬೇಕಿತ್ತು.

ಇನ್ನು ಕಾನೂನಿನ ಮಾತು. ಯಾರು ಹತಾರ ಇಟ್ಟುಕೊಳ್ಳಬಹುದು ಎಂಬ ಕಾನೂನನ್ನು ಯಾವಾಗಲೂ ಹತಾರ ಇರುವವರೇ ಬರೆಯುತ್ತಾರೆ. ನಮ್ಮ ಸೀಮೆಗೆ ಇದು ರಕ್ತದಲ್ಲಿ ಗೊತ್ತು. 1857ರಲ್ಲಿ ಎಲ್ಲರೂ ಹತಾರ ತಂದೊಪ್ಪಿಸಿ ಎಂದು ಕಂಪನಿ ಸರ್ಕಾರ ಹುಕುಂ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡಲೊಲ್ಲೆವೆಂದರು. ನವೆಂಬರ್ ಕೊನೆಗೆ ಊರಿಗೇ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಮಂದಿಯನ್ನು ನೇಣಿಗೆ ಹಾಕಿದರು, 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲೇ. ಈ ಕಥೆ ಹಾಡುವ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಎಂಬುದು ಇತಿಹಾಸದ ಚೇಷ್ಟೆ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ 1967ಕ್ಕೆ ಮೊದಲು ಬಾಂಬು ಸಿಡಿಸಿದವರಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ನ್ಯಾಯ ಎಂದಾಗ ಭಾರತ ಸಹಿ ಹಾಕಲಿಲ್ಲ. ಹಲಗಲಿ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ.

ಆದರೆ ಈಗ ಬೇರೊಂದು ಬಗೆಯ ಹತಾರ ಬಾಗಿಲಲ್ಲಿದೆ. ಯಾರನ್ನು ಕೊಲ್ಲಬೇಕು ಎಂಬುದನ್ನು ಮನುಷ್ಯನನ್ನು ಕೇಳದೆ ತಾನೇ ಆರಿಸಿ ಕೊಲ್ಲುವ ಯಂತ್ರ. ಜ್ಯಾಮರ್ ಸಂಪರ್ಕ ಕಡಿದ ಮೇಲೂ ಡ್ರೋನ್ ಗುರಿ ತಪ್ಪಬಾರದು ಎಂದು ಕೃತಕ ಬುದ್ಧಿಮತ್ತೆಯನ್ನು ಅದರೊಳಗೇ ಕೂರಿಸುತ್ತಿದ್ದಾರೆ. ಅಲ್ಲಿಂದ ಈ ಯಂತ್ರಕ್ಕೆ ಒಂದೇ ಹೆಜ್ಜೆ. ಇಂಥ ಹತಾರಗಳ ಬಗ್ಗೆ ಚಿಂತೆ ವ್ಯಕ್ತಪಡಿಸಿ 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಬಂದ ಗೊತ್ತುವಳಿಗೆ 152 ದೇಶಗಳು ಪರ, 4 ವಿರೋಧ. ವಿರೋಧಿಸಿದ ನಾಲ್ಕರಲ್ಲಿ ರಷ್ಯಾ, ಬೆಲಾರುಸ್, ಮಾಲಿ ಜೊತೆಗೆ ಭಾರತವೂ ಇತ್ತು. ಈ ಚರ್ಚೆಗೆ ಜಿನೀವಾದಲ್ಲಿ ಬೇರೆ ವೇದಿಕೆ ಇದೆ, ಅಲ್ಲೇ ನಡೆಯಲಿ ಎಂಬುದು ನಮ್ಮ ಸರ್ಕಾರದ ವಾದ. ಮತ್ತೊಮ್ಮೆ ಬಾಗಿಲು ಮುಚ್ಚಿಬಿಟ್ಟಾರು ಎಂಬ ಹಳೆಯ ಅಂಜಿಕೆ ಅದರ ಹಿಂದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಓಟು ನನಗೆ ಹಿಡಿಸಲಿಲ್ಲ. ಹಲಗಲಿಯವರ ಕೈಯಲ್ಲಿದ್ದ ಬಂದೂಕು ಹಲಗಲಿಯವರ ಮಾತನ್ನೇ ಕೇಳುತ್ತಿತ್ತು. ಯಾರ ಮಾತನ್ನೂ ಕೇಳದ ಹತಾರವನ್ನು ಆ ನ್ಯಾಯದಿಂದ ಕಾಪಾಡಬಾರದು.

ಯಂತ್ರದ ಕಥೆಯಲ್ಲಿ ಮನುಷ್ಯ ಕಳೆದುಹೋಗುತ್ತಾನೆ. ಉಕ್ರೇನ್ ಯುದ್ಧ ಶುರುವಾಗಿ ಒಂದು ವಾರವೂ ಆಗದೆ, 2022ರ ಮಾರ್ಚ್ 1ರಂದು, ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಬಂದಿದ್ದ ರಾಣೆಬೆನ್ನೂರು ತಾಲೂಕು ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ದೇಹ ಊರಿಗೆ ಬಂದ ಮೇಲೆ ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. 2023ರ ಕೊನೆಗೆ ಕಲಬುರಗಿ ಕಡೆಯ ಮೂವರು ಯುವಕರು ಯೂಟ್ಯೂಬಿನಲ್ಲಿ ಕೆಲಸದ ಆಸೆ ತೋರಿಸಿದವನನ್ನು ನಂಬಿ ರಷ್ಯಾಕ್ಕೆ ಹೋದರು. ಸಹಾಯಕನ ಕೆಲಸ ಎಂದಿದ್ದರು. ಕೊಟ್ಟದ್ದು ಸೈನ್ಯದ ಸಮವಸ್ತ್ರ, ಕಳಿಸಿದ್ದು ಗಡಿಯ ಕಂದಕಕ್ಕೆ. ಅಲ್ಲಿ ಗುಜರಾತಿನ ಯುವಕನೊಬ್ಬ 2024ರ ಫೆಬ್ರುವರಿಯಲ್ಲಿ ಡ್ರೋನ್ ದಾಳಿಗೆ ಸತ್ತ. ಪ್ರಧಾನಿ ಮಾಸ್ಕೋದಲ್ಲಿ ಮಾತೆತ್ತಿದ ಮೇಲೆ, ಸೆಪ್ಟೆಂಬರಿನಲ್ಲಿ, ನಮ್ಮ ಹುಡುಗರು ಜೀವಂತ ಮನೆ ಸೇರಿದರು. ಯುದ್ಧವೆಲ್ಲ ಯಂತ್ರದ ಪಾಲಾಯಿತು, ಇನ್ನು ಸಿಪಾಯಿ ಬೇಕಿಲ್ಲ ಎನ್ನುವವರಿಗೆ ಇದನ್ನು ಹೇಳಬೇಕು. ಡ್ರೋನ್ ಹೆಚ್ಚಾದಷ್ಟೂ ಕಂದಕ ತೋಡುವವರು ಹೆಚ್ಚು ಬೇಕಾದರು. ಅವರನ್ನು ಹುಡುಕುವ ಕೆಲಸವನ್ನೂ ಫೋನೇ ಮಾಡಿತು.

ಕೊನೆಯದು ನಮ್ಮ ಜಿಲ್ಲೆಯೊಳಗೇ ನಡೆದದ್ದು. 300ರಿಂದ 400 ಪಾಕಿಸ್ತಾನಿ ಡ್ರೋನುಗಳ ಲೆಕ್ಕ ಹೇಳಿದ ಕರ್ನಲ್ ಸೋಫಿಯಾ ಕುರೇಶಿ ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ. ಪಾಕಿಸ್ತಾನದೊಡನೆ ಕದನವಿರಾಮವಾಗಿ ನಾಲ್ಕೈದು ದಿನವಾಗಿರಬೇಕು, ಎಕ್ಸ್ ಜಾಲತಾಣದಲ್ಲಿ ಒಂದು ಸುದ್ದಿ ಹರಡಿತು. ಬೆಳಗಾವಿಯಲ್ಲಿರುವ ಅವರ ಮನೆಯ ಮೇಲೆ ಒಂದು ಸಂಘಟನೆಯವರು ದಾಳಿ ಮಾಡಿದ್ದಾರೆ, ಮನೆಯವರು ಓಡಿಹೋಗಿದ್ದಾರೆ ಎಂದು. ಜೊತೆಗೆ ಚಿತ್ರ ಬೇರೆ. ಅಂಥದ್ದೇನೂ ನಡೆದಿರಲಿಲ್ಲ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ತಕ್ಷಣ ಇದು ಸುಳ್ಳು ಎಂದು ಪ್ರಕಟಿಸಿದರು. ಹಾಕಿದವನು ಈ ದೇಶದಲ್ಲೇ ಇರುವವನಲ್ಲ ಎಂದು ಪೊಲೀಸರು ಹೇಳಿದರು, ಆ ಬರಹ ಅಳಿಸಿಹೋಯಿತು, ಕೊಣ್ಣೂರಿನ ಮನೆಗೆ ಕಾವಲು ಬಂತು.

ಈ ದಾಳಿಯ ಖರ್ಚು ಲೆಕ್ಕ ಹಾಕಿ ನೋಡಿ. ಡ್ರೋನಿಲ್ಲ, ಗ್ಯಾಲಿಯಂ ಇಲ್ಲ, ಎಂಜಿನಿಗಾಗಿ ಕಾಯಬೇಕಿಲ್ಲ. ಗುರಿ ಮಾತ್ರ ಬಹಳ ಕರಾರುವಾಕ್ಕಾಗಿತ್ತು: ಹಿಂದೂ ಮುಸ್ಲಿಮರು ಕೂಡಿ ಬಾಳುವ ಒಂದು ಜಿಲ್ಲೆ, ಭಾಷೆಯ ಹೆಸರಲ್ಲಿ ಮೊದಲೇ ಎಷ್ಟೋ ಸಲ ಬಿಸಿಯಾದ ಒಂದು ಊರು. ಕೊಣ್ಣೂರಿನವರಿಗೆ ಆ ಮನೆ ಕಣ್ಣೆದುರೇ ಇತ್ತು, ಅವರು ನಂಬಲಿಲ್ಲ. ನಂಬಿದವರೆಲ್ಲ ದೂರದವರು. ನಾವೇನು ಸಾಚಾಗಳೆಂದು ತಿಳಿಯಬೇಡಿ. ಅದಕ್ಕೂ ಕೆಲವು ದಿನ ಮೊದಲು ಒಂದು ರಾತ್ರಿ ಕರಾಚಿ ಬಂದರೇ ಸುಟ್ಟುಹೋಯಿತು ಎಂದು ನಮ್ಮ ಎಷ್ಟೋ ಟಿವಿ ವಾಹಿನಿಗಳು ಕೂಗಿದವು, ಬೆಳಗಾದ ಮೇಲೆ ಬಂದರು ಇದ್ದಲ್ಲೇ ಇತ್ತು. ನಾವೂ ಅದನ್ನು ಮುಂದಕ್ಕೆ ಕಳಿಸಿದೆವು. ವಿದೇಶಾಂಗ ಸಚಿವ ಜೈಶಂಕರ್ ಕ್ಷಮೆ ಕೇಳುತ್ತಿರುವಂತೆ ಕೃತಕ ಬುದ್ಧಿಮತ್ತೆಯಿಂದ ಹೊಸೆದ ವಿಡಿಯೊ ಕೂಡ ಆ ದಿನಗಳಲ್ಲೇ ಓಡಾಡಿತು. ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಹೇಳಬೇಕಾಯಿತು. ಮುಂದಿನ ಸಲ ಕೊಣ್ಣೂರಿನ ಸುಳ್ಳಿನ ಜೊತೆಗೆ, ಅದು ನಿಜವೇ ಎಂದು ಎಸ್‌ಪಿಯವರ ಮುಖದಲ್ಲಿ, ಎಸ್‌ಪಿಯವರ ದನಿಯಲ್ಲಿ ಹೇಳುವ ವಿಡಿಯೊ ಬಂದರೆ?

ಎಂಜಿನ್, ಗ್ಯಾಲಿಯಂ, ಉಪಗ್ರಹ ಇವುಗಳ ಕೀಲಿಕೈಯನ್ನು ನಾವು ಇಲ್ಲಿ ಕೂತು ತರಲಾರೆವು. ಸುಳ್ಳು ಸುದ್ದಿಗೆ ಬೀಗ ಹಾಕುವ ಕೀಲಿಕೈಯೊಂದನ್ನು ತರಬಹುದು. ಮಚ್ಚೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಇಲ್ಲೇ ಭೂತರಾಮನಹಟ್ಟಿಯಲ್ಲಿ ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯ ಇದೆ. ಅಲ್ಲಿನವರಿಗೆ ವಿಡಿಯೊ ಹೇಗೆ ಹೊಸೆಯುತ್ತಾರೆಂದು ಗೊತ್ತು, ಇಲ್ಲಿನವರಿಗೆ ಯಾಕೆ ಹೊಸೆಯುತ್ತಾರೆಂದು ಗೊತ್ತು. ಇಬ್ಬರೂ ಕೂಡಿ ಜಿಲ್ಲೆಗೊಂದು ಸುದ್ದಿ ಪರಿಶೀಲನೆಯ ಕಟ್ಟೆ ಕಟ್ಟಲಿ, ಗಲಾಟೆ ಹಬ್ಬುವ ಮುಂಚೆಯೇ ಜನರ ಫೋನಿಗೆ ಉತ್ತರ ತಲುಪಲಿ. ಅದಕ್ಕೆ ಬೇಕಾಗುವುದು ಕನ್ನಡ, ಮರಾಠಿ, ಉರ್ದು ಮೂರನ್ನೂ ಓದಿ ಬರೆಯಬಲ್ಲ ಹತ್ತಿಪ್ಪತ್ತು ಮಕ್ಕಳು. ಬೆಂಗಳೂರಿನಲ್ಲಿ ಹುಡುಕಿದರೂ ಅಂಥವರು ಸಿಗುವುದು ಕಷ್ಟ, ಬೆಳಗಾವಿಯಲ್ಲಿ ಬಸ್‌ ಸ್ಟ್ಯಾಂಡಿನಲ್ಲೇ ಸಿಗುತ್ತಾರೆ.